ಖಾಲಿ ಹಾಳೆಗೂ ಒಂದು ಹೊಲಿಗೆ ಹಾಕಿ



ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯುದ್ದಕ್ಕೂ ಕಡಲೆಕಾಯಿ ರಾಶಿ. ಒಮ್ಮೆ ಅಲ್ಲಿ ಕೊಂಡ ಹುರಿಗಡಲೆಕಾಯಿಯನ್ನು ತಿಂದು ಮುಗಿಸಿ, ಪೊಟ್ಟಣದ ಕಾಗದ ಬಿಡಿಸಿ ನೋಡಿದೆ. ಅದು ಯಾರದೋ ಗಣಿತದ ನೋಟ್ ಪುಸ್ತಕದ ಹಾಳೆ. ಒಂದು ಭಾಗಾಕಾರ ಅರ್ಧಕ್ಕೇ ನಿಂತಿತ್ತು. ಲೆಕ್ಕ ಬಿಟ್ಟವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಾನೂ ಎಷ್ಟೋ ಲೆಕ್ಕ ಬಿಟ್ಟವನೇ. ಆದರೆ ಹಾಳೆಯ ಹಿಂಬದಿ ಪೂರ್ತಿ ಖಾಲಿ ಇತ್ತು. ಅದನ್ನು ನೋಡಿ ಬೇಸರವಾಯಿತು.

ನಿಮ್ಮ ಕಳೆದ ವರ್ಷದ ನೋಟ್ ಪುಸ್ತಕಗಳಲ್ಲಿ ಎಷ್ಟು ಹಾಳೆಗಳು ಖಾಲಿ ಉಳಿದಿವೆ? ಎಣಿಸಿ ನೋಡಿ. ಗುಜರಿಗೆ ಹಾಕುವ ಮೊದಲು ಅವನ್ನು ತೆಗೆದು ನೀವೇ ಒಂದು ಪುಸ್ತಕ ಹೊಲಿಯಬೇಕು, ಪ್ರತಿ ಶಾಲೆಯೂ ವರ್ಷಕ್ಕೆ ಒಂದು ದಿನವನ್ನಾದರೂ ಇದಕ್ಕೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಒಗಟು ಇದೆ. ಒಂದೇ ಕಟ್ಟಾಗಿ ನಡುವೆ ಪಿನ್ನು ಹೊಡೆದ 80 ಹಾಳೆಗಳ ಪುಸ್ತಕದಲ್ಲಿ ನೀವು 30 ಹಾಳೆ ಬರೆದಿದ್ದೀರಿ ಎನ್ನೋಣ. ಉಳಿದದ್ದು 50. ಆದರೆ ಮೊದಲನೆಯ ಹಾಳೆ ಮತ್ತು ಕೊನೆಯ ಹಾಳೆ ಒಂದೇ ಕಾಗದದ ಎರಡು ಅರ್ಧಗಳು. ಹಾಗಾಗಿ ಕೊನೆಯ 30 ಹಾಳೆಗಳ ಜೋಡಿಗಳಲ್ಲಿ ಬರಹ ತುಂಬಿದೆ. ಪೂರ್ತಿ ಖಾಲಿ ಇರುವ ಜೋಡಿಗಳು ನಡುವಿನ 10 ಮಾತ್ರ. ನೋಟ್ ಪುಸ್ತಕದಿಂದ ಒಂದು ಹಾಳೆ ಹರಿದರೆ ಬೇರೆಲ್ಲೋ ಇನ್ನೊಂದು ಹಾಳೆ ಸಡಿಲವಾಗುವುದು ಏಕೆ ಎಂದು ಈಗ ತಿಳಿಯಿತೇ?

ಆ ಹತ್ತು ಜೋಡಿಗಳನ್ನು ಒಂದರೊಳಗೊಂದು ಇಟ್ಟು, ಮಡಿಕೆಯ ಮೇಲೆ ದಬ್ಬಳದಿಂದ ಮೂರು ತೂತು ಮಾಡಿ. ಪುಸ್ತಕದ ಎತ್ತರದ ಎರಡೂವರೆ ಪಟ್ಟು ದಾರ ತೆಗೆದುಕೊಂಡು ಮೇಣದ ಬತ್ತಿಗೆ ಉಜ್ಜಿ. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಕ್ಕೆ ಬನ್ನಿ, ದಾರದ ತುದಿ ಒಳಗೇ ಇರಲಿ. ಮೇಲಿನ ತೂತಿನಿಂದ ಒಳಕ್ಕೆ ಹೋಗಿ. ನಡುವಿನದನ್ನು ಬಿಟ್ಟು ಕೆಳಗಿನ ತೂತಿನಿಂದ ಹೊರಕ್ಕೆ, ಮತ್ತೆ ನಡುವಿನಿಂದ ಒಳಕ್ಕೆ. ಒಳಗಿರುವ ಉದ್ದ ದಾರದ ಎರಡೂ ಪಕ್ಕದಲ್ಲಿ ಒಂದೊಂದು ತುದಿ ಇರುವಂತೆ ಎಳೆದು ಗಂಟು ಹಾಕಿ. ಒಂಟಿ ಹಾಳೆಗಳಿಗೂ ಇದೇ ಹೊಲಿಗೆ ಸಾಕು. ಅಂಚಿನಿಂದ ಒಂದು ಬೆರಳಗಲ ಒಳಗೆ ತೂತು ಮಾಡಬೇಕು, ಅಷ್ಟೇ. ಆದರೆ ಆ ಪುಸ್ತಕ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ.

ರಟ್ಟು ಹಾಕುವಾಗ ಎಚ್ಚರ. ನನ್ನ ಮೊದಲ ಪುಸ್ತಕ ಒಣಗುವಷ್ಟರಲ್ಲಿ ದೋಣಿಯಂತೆ ಬಾಗಿತ್ತು. ಕಾರಣ ತಿಳಿಯಲು ಹಳೆಯ ದಿನಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ. ಸೀಳು ಬಹುಮಟ್ಟಿಗೆ ನೇರವಾಗಿರುತ್ತದೆ. ಅಡ್ಡಕ್ಕೆ ಹರಿಯಿರಿ, ಸೊಟ್ಟಗಾಗುತ್ತದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರಿನ ಎಳೆಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗಿರುತ್ತವೆ. ಅಂಟಿನ ನೀರು ತಾಗಿದಾಗ ಎಳೆಗಳು ಉದ್ದಕ್ಕಿಂತ ಅಗಲಕ್ಕೇ ಹೆಚ್ಚು ಉಬ್ಬುತ್ತವೆ. ಒಣಗುವಾಗ ಕುಗ್ಗಿ ರಟ್ಟನ್ನು ಎಳೆಯುತ್ತವೆ. ರಟ್ಟಿನ ಒಳಬದಿಗೂ ಕಾಗದ ಅಂಟಿಸಿದರೆ ಎರಡು ಕಡೆಯ ಎಳೆತ ಸಮವಾಗುತ್ತದೆ. ರಾತ್ರಿಯಿಡೀ ಮೇಲೆ ಭಾರ ಇಡಿ. ಕಾಗದದ ಎಳೆ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿದ್ದರೆ ಇನ್ನೂ ಒಳ್ಳೆಯದು. ಅಂಟಿಗೆ ಮೈದಾ ಹಿಟ್ಟನ್ನು ನೀರಿನಲ್ಲಿ ಕಲಸಿ, ದೊಡ್ಡವರ ಜೊತೆ ನಿಂತು ಕಾಯಿಸಿ. ಹುಳು ಬಾರದಿರಲೆಂದು ಬೈಂಡಿಂಗ್ ಮಾಡುವವರು ಅಂಟಿಗೆ ಮೈಲುತುತ್ತ ಬೆರೆಸುವುದುಂಟು. ಅದು ವಿಷ, ನೀವು ಮುಟ್ಟಬೇಡಿ. ಬೇಕಾದಷ್ಟೇ ಅಂಟು ಮಾಡಿಕೊಂಡರೆ ಸಾಕು.

ನಮ್ಮ ನಾಡಿಗೆ ಈ ಕೆಲಸ ಹೊಸದಲ್ಲ. ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಅದರ ಹೆಸರು ಕಡತ. ಶೃಂಗೇರಿ ಮಠದಲ್ಲಿ ಇಂಥ ಹಳೆಯ ಕಡತಗಳಿವೆ. ಬರೆದದ್ದನ್ನು ಅಳಿಸಿ, ಮತ್ತೆ ಕಪ್ಪು ಬಳಿದು ಬರೆಯಬಹುದಿತ್ತು. ಇಂದು ಕಚೇರಿಯ ಫೈಲನ್ನು ಕಡತ ಎನ್ನುವಾಗ ಆ ಹುಣಸೆ ಬೀಜ ಯಾರಿಗೂ ನೆನಪಾಗುವುದಿಲ್ಲ!

“ಅಂಗಡಿಯಲ್ಲಿ ಒಂದು ಕೊಂಡರಾಯಿತಲ್ಲ, ಇಷ್ಟೆಲ್ಲ ಏಕೆ?” ಎಂದು ಕೆಲವರು ಕೇಳುತ್ತಾರೆ. ಹುಡುಗನಾಗಿದ್ದಾಗ ನಾನು ಹೊಲಿದ ಪುಸ್ತಕವನ್ನು ತರಗತಿಗೆ ಒಯ್ದಾಗ ಒಬ್ಬ ಮೇಷ್ಟ್ರು ಅದನ್ನು ಎತ್ತಿ ತೋರಿಸಿ, “ನಾಳೆ ಅಂಗಡಿಯದು ತಾ” ಎಂದರು. ಎಲ್ಲರೂ ನಕ್ಕರು. ಹಣ ಉಳಿಯುವುದು ಸ್ವಲ್ಪವೇ, ಒಪ್ಪುತ್ತೇನೆ. ನನ್ನ ಚಿಂತೆ ಬೇರೆ. ಎಷ್ಟೋ ಶಾಲೆಗಳಲ್ಲಿ “ಮಕ್ಕಳು ಹರಿಯುತ್ತಾರೆ” ಎಂದು ಕಥೆ ಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಹರಿದದ್ದನ್ನು ಸರಿಮಾಡಲು ಬರುವ ಮಕ್ಕಳಿದ್ದರೆ ಆ ಬೀಗಕ್ಕೆ ಕಾರಣವೇ ಇರುವುದಿಲ್ಲ. ಸೆಲ್ಲೋಟೇಪು ಮಾತ್ರ ಬೇಡ. ಕೆಲವು ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಕಾಗದದಲ್ಲಿ ಕಲೆ ಉಳಿಸುತ್ತದೆ.

ನಿಮ್ಮ ಶಾಲೆಯ ಬೀರುವಿನಲ್ಲಿ ಬೆನ್ನು ಕಿತ್ತ ಪುಸ್ತಕವೊಂದು ಇರಬಹುದು. ನೀವು ಹೊಲಿದ ನೋಟ್ ಪುಸ್ತಕವನ್ನು ಮೊದಲು ಟೀಚರಿಗೆ ತೋರಿಸಿ. ಆಮೇಲೆ ಅದನ್ನು ಕೇಳಿ.