ನಾಯಿ ಬಿಟ್ಟು ಹೊರಡೋದು ಹೇಗೆ?

ಗಂಡನ ಹೊಡೆತ ತಾಳಲಾರದೆ ರಾತ್ರೋರಾತ್ರಿ ಮನೆ ಬಿಟ್ಟ ಹೆಂಗಸು ಎರಡು ದಿನ ಕಳೆದು ಅದೇ ಬಾಗಿಲಿಗೆ ವಾಪಸು ಬಂದರೆ ಜನ ತಲೆಗೊಂದು ಮಾತಾಡುತ್ತಾರೆ. ಮಕ್ಕಳ ಸಲುವಾಗಿ ಬಂದಳು ಅನ್ನುವವರಿದ್ದಾರೆ, ಮರ್ಯಾದೆಗೆ ಅಂಜಿ ಬಂದಳು ಅನ್ನುವವರಿದ್ದಾರೆ. ಹಿತ್ತಲಲ್ಲಿ ಕಟ್ಟಿದ ಆಡಿಗೆ ನೀರು ಇಡೋರಿಲ್ಲ, ನಾಯಿಗೆ ಅನ್ನ ಹಾಕೋರಿಲ್ಲ ಅಂತ ಬಂದಳು ಎಂದರೆ ಮಾತ್ರ ಯಾರೂ ನಂಬುವುದಿಲ್ಲ. ನಂಬಿದರೂ ನಗುತ್ತಾರೆ. ವಾಳಪೈ ಸುತ್ತಮುತ್ತಲಿನ ಕನ್ನಡ ಕುಟುಂಬಗಳ ಹಿರಿಯರು, ಸಂಘಗಳ ಪದಾಧಿಕಾರಿಗಳು ನಗುವ ಮೊದಲು ಸ್ವಲ್ಪ ಯೋಚಿಸಬೇಕಾದ ಸಂಗತಿ ಇದು.

ಹೊರದೇಶಗಳಲ್ಲಿ ಇದನ್ನು ನಗೆಯ ವಿಷಯ ಎಂದು ಬಿಟ್ಟಿಲ್ಲ. ಅಲ್ಲಿ ಊರಿನ ಜನ ತಮ್ಮ ತಮ್ಮ ನಾಯಿಗಳಿಗೆ ಬೆಲ್ಟು ಹಾಕಿ ಹಿಡಿದುಕೊಂಡು, ರವಿವಾರ ಬೆಳಿಗ್ಗೆ ಒಂದು ಉದ್ಯಾನದಲ್ಲಿ ಸೇರಿ ಎರಡು ಮೂರು ಕಿ.ಮೀ. ನಡೆಯುತ್ತಾರೆ. ನಡೆಯಲು ಬಂದವರು ಕೊಡುವ ಹಣ, ಮನೆಯ ದೌರ್ಜನ್ಯದಿಂದ ತಪ್ಪಿಸಿಕೊಂಡ ಹೆಂಗಸರ ನಾಯಿ ಬೆಕ್ಕುಗಳ ಊಟಕ್ಕೆ, ಔಷಧಿಗೆ ಹೋಗುತ್ತದೆ. ಹೆಂಗಸರಿಗೇ ನೆಲೆ ಇಲ್ಲದಾಗ ನಾಯಿಗಳಿಗೇಕೆ ನಡಿಗೆ ಎಂದು ಯಾರಿಗಾದರೂ ಅನ್ನಿಸೀತು. ಅದಕ್ಕೆ ಉತ್ತರ ಅಮೆರಿಕದ ಯೂಟಾ ರಾಜ್ಯದ ಒಂದು ಅಧ್ಯಯನದಲ್ಲಿದೆ. ಫ್ರಾಂಕ್ ಅಸಿಯೋನ್ ಎಂಬ ವಿದ್ವಾಂಸರು ಅಲ್ಲಿನ ಆಶ್ರಯಧಾಮಕ್ಕೆ ಬಂದ ಹೆಂಗಸರನ್ನು ಮಾತಾಡಿಸಿ 1998ರಲ್ಲಿ ಅದನ್ನು ಪ್ರಕಟಿಸಿದರು. ಸಾಕುಪ್ರಾಣಿ ಇದ್ದ ಹೆಂಗಸರಲ್ಲಿ 100ಕ್ಕೆ 71 ಮಂದಿ, ಗಂಡ ಪ್ರಾಣಿಯನ್ನು ಹೊಡೆದಿದ್ದ, ಕೊಂದಿದ್ದ, ಇಲ್ಲವೇ ಕೊಲ್ಲುತ್ತೇನೆಂದು ಬೆದರಿಸಿದ್ದ ಎಂದಿದ್ದರು. ಮಾತಾಡಿಸಿದವರು ನಾಲ್ವತ್ತು ಮಂದಿಯೂ ಇರಲಿಲ್ಲ, ನಿಜ. ಆದರೆ ಆಶ್ರಯಧಾಮ ನಡೆಸುವವರಿಗೆ ಒಂದು ಮಾತು ಅರ್ಥವಾಯಿತು. ನಾಯಿಗೆ ಜಾಗ ಸಿಗದಿದ್ದರೆ ಹೆಂಗಸು ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ.

ಬ್ರಿಟನ್ನಿನ ಡಾಗ್ಸ್ ಟ್ರಸ್ಟ್ ಸಂಸ್ಥೆ 2004ರಲ್ಲಿ ಶುರು ಮಾಡಿದ ಫ್ರೀಡಂ ಪ್ರಾಜೆಕ್ಟ್ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಹೆಂಗಸು ಆಶ್ರಯಧಾಮದಲ್ಲಿ ಇರುವಷ್ಟು ದಿನ ಅವಳ ನಾಯಿಯನ್ನು ಬೇರೊಂದು ಮನೆಯವರು ಪುಕ್ಕಟೆ ಸಾಕುತ್ತಾರೆ, ಆಹಾರ ಮತ್ತು ದವಾಖಾನೆಯ ಖರ್ಚು ಸಂಸ್ಥೆಯದು. ನಾಯಿ ಯಾವ ಊರಿನ ಯಾರ ಮನೆಯಲ್ಲಿದೆ ಎಂಬುದು ಗುಟ್ಟು. ಅಮೆರಿಕದ ಮೇನ್ ರಾಜ್ಯದಲ್ಲಿ 2006ರಿಂದಲೇ ನ್ಯಾಯಾಲಯ ಹೆಂಗಸಿನ ರಕ್ಷಣಾ ಆದೇಶದಲ್ಲಿ ಅವಳ ಪ್ರಾಣಿಯನ್ನೂ ಸೇರಿಸಬಹುದು. 2018ರ ಕೊನೆಗೆ ಅಮೆರಿಕದ ಕೇಂದ್ರ ಸರಕಾರವೂ ಇಂಥ ಆಶ್ರಯಧಾಮಗಳಿಗೆ ಅನುದಾನ ಕೊಡುವ ಕಾನೂನು ಮಾಡಿತು.

ಅದೆಲ್ಲ ಸಾಹೇಬರ ದೇಶದ ಮಾತು, ಅಲ್ಲಿ ನಾಯಿ ಸೋಫಾದ ಮೇಲೆ ಮಲಗುತ್ತದೆ, ಇಲ್ಲಿ ಮನುಷ್ಯರಿಗೇ ಖೋಲಿ ಸಾಲದು ಅನ್ನುವವರಿರುತ್ತಾರೆ. ಅದೇನೋ ಸರಿ. ಆದರೆ ಸತ್ತರಿ ತಾಲ್ಲೂಕಿನ ಬಾಡಿಗೆ ಖೋಲಿಗಳ ಮುಂದೆ ಒಮ್ಮೆ ನಡೆದು ನೋಡಿದರೆ ಬೇರೆಯೇ ಕಾಣುತ್ತದೆ. ವಿಜಯಪುರ, ಬಾಗಲಕೋಟೆ, ಗದಗ, ಹಾವೇರಿ ಕಡೆಯಿಂದ ಗೌಂಡಿ ಕೆಲಸಕ್ಕೋ, ಕಾರ್ಖಾನೆಗೋ, ಗೋಡಂಬಿ ತೋಟದ ಕೂಲಿಗೋ ಬಂದ ಸಂಸಾರದಲ್ಲಿ ನಾಯಿ ಕೊಂಡು ತಂದದ್ದಲ್ಲ. ಎಲ್ಲಿಂದಲೋ ಬಂದ ಮರಿಗೆ ಮಕ್ಕಳು ಚಪಾತಿ ತುಣುಕು ಹಾಕಿದರು, ಅದು ಬಾಗಿಲಲ್ಲೇ ಉಳಿಯಿತು. ಗಂಡ ರಾತ್ರಿ ಪಾಳಿಗೆ ಹೋದಾಗ, ಗೊತ್ತಿರದ ಊರಿನಲ್ಲಿ, ತಗಡಿನ ಬಾಗಿಲ ಆಚೆ ಅದು ಇದೆ ಎಂಬ ಧೈರ್ಯದ ಮೇಲೆ ಅವಳು ಮಲಗುತ್ತಾಳೆ. ಆಡಂತೂ ಅವಳ ಬ್ಯಾಂಕು. ಗಂಡನ ಕೈಗೆ ಸಿಗದಂತೆ ಕೂಡಿಟ್ಟ ದುಡ್ಡು ನಾಲ್ಕು ಕಾಲಿನ ಮೇಲೆ ನಿಂತಿರುತ್ತದೆ. ಕುಡಿದು ಬಂದವನ ಸಿಟ್ಟು ಮೊದಲು ಎಲ್ಲಿಗೆ ತಿರುಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅಡ್ಡ ಬಂದು ಬೊಗಳಿದ ನಾಯಿಗೆ ಕಟ್ಟಿಗೆ ಏಟು ಬೀಳುತ್ತದೆ, ಅಥವಾ ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಆಡು ಮಾರಾಟವಾಗಿರುತ್ತದೆ. ಎರಡೂ ಅವಳಿಗೇ ಬಿದ್ದ ಏಟು.

"ಅಲ್ಲವ್ವಾ, ನಾಯಿಗೋಸ್ಕರ ಹೊಡ್ತ ತಿನ್ಕೋತ ಕುಂದರ್ತೀಯೇನು?" ಎಂದು ಪಕ್ಕದ ಖೋಲಿಯ ಹಿರಿಯಳು ಕೇಳಿದರೆ, "ನಾ ಹೋದ್ರ ಅದನ್ನ ಉಳಸ್ತಾನೇನ ಅಕ್ಕಾ?" ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ತವರಿಗೆ ಹೊರಡುವ ಬಸ್ಸಿನಲ್ಲಿ ಎರಡು ಮಕ್ಕಳು, ಒಂದು ಗಂಟು ಹಿಡಿಸುತ್ತದೆ. ಚೋರ್ಲಾ ಘಟ್ಟ ಹತ್ತಿ ಬೆಳಗಾವಿ ದಾಟಿ ಮುಂದೆ ಮತ್ತೊಂದು ಬಸ್ಸು ಹಿಡಿಯಬೇಕಾದವಳು ನಾಯಿಯನ್ನು ಎಲ್ಲಿ ಕೂರಿಸಿಯಾಳು? ಮೈಲಾರಲಿಂಗನ ಜತೆಗಿನ ನಾಯಿಗೂ ಕೈ ಮುಗಿಯುವ ಜನ ನಾವು. ಮನೆಯ ನಾಯಿಯನ್ನು ಬಿಟ್ಟು ಬರಲು ಮನಸ್ಸಾಗದ ಹೆಣ್ಣುಮಗಳನ್ನು ಹುಚ್ಚಿ ಅನ್ನುವುದು ನಮಗೆ ಶೋಭೆಯಲ್ಲ.

ಕೌಟುಂಬಿಕ ದೌರ್ಜನ್ಯ ನಮ್ಮ ಸಮಾಜದಲ್ಲಿ ಅಪರೂಪದ್ದೇನೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ 100ಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದಕ್ಕೂ ಹಿಂದಿನ, 2015-16ರ ಸಮೀಕ್ಷೆಯಲ್ಲಿ ಇದು 100ಕ್ಕೆ 20ರ ಆಸುಪಾಸಿನಲ್ಲಿತ್ತು. ಹೊಡೆತ ಹೆಚ್ಚಾಯಿತೋ, ಹೇಳುವ ಧೈರ್ಯ ಬಂತೋ, ತಜ್ಞರು ವಾದಿಸಿಕೊಳ್ಳಲಿ. ಘಟ್ಟ ಇಳಿದು ಬಂದವರು ಊರಿನ ಒಳ್ಳೆಯದು ಕೆಟ್ಟದ್ದು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ತಂದಿರುತ್ತಾರೆ ಎಂಬುದಂತೂ ಸುಳ್ಳಲ್ಲ.

ಇನ್ನು ಕಾನೂನಿನ ಮಾತು. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 2005ರಲ್ಲಿ ಆಗಿ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಹೆಂಗಸಿಗೆ ಬೇಕಾದ 'ವ್ಯಕ್ತಿ'ಗೆ ನೋವು ಮಾಡುತ್ತೇನೆಂದು ಪದೇ ಪದೇ ಬೆದರಿಸುವುದೂ ದೌರ್ಜನ್ಯವೇ ಎಂದು ಅದರಲ್ಲಿ ಬರೆದಿದೆ. ಪ್ರಾಣಿ ಎಂಬ ಶಬ್ದ ಅಲ್ಲಿಲ್ಲ. ಹಾಗೆಂದು ಕೈಚೆಲ್ಲಬೇಕಾಗಿಯೂ ಇಲ್ಲ. ಹೆಂಗಸಿನ ಸ್ವತ್ತನ್ನು ಹಿಂದಿರುಗಿಸು ಎಂದು ಗಂಡನಿಗೆ ಆದೇಶ ಮಾಡಲು 19ನೇ ಕಲಂ ಇದೆ. ಅವಳ ಸ್ವತ್ತು ಹಾಳು ಮಾಡಿದ್ದರೆ, ಸಾಗಿಸಿದ್ದರೆ ನಷ್ಟ ಕಟ್ಟಿಕೊಡಲು 20ನೇ ಕಲಂ ಇದೆ. ಅವಳು ಸಾಕಿದ ಆಡು, ಎಮ್ಮೆ, ನಾಯಿ ಅವಳ ಸ್ವತ್ತು ಎಂದು ಅರ್ಜಿಯಲ್ಲಿ ಒಂದೆರಡು ಸಾಲು ಬರೆಸಿದರೆ ನ್ಯಾಯಾಧೀಶರು ಅದನ್ನು ನೋಡಲೇಬೇಕಾಗುತ್ತದೆ. ಬರೆಸುವವರಿಲ್ಲ ಎಂಬುದೇ ತೊಂದರೆ. ಸಂರಕ್ಷಣಾಧಿಕಾರಿ ಘಟನಾ ವರದಿ ಬರೆದುಕೊಳ್ಳುವಾಗ ಕನ್ನಡದ ಹೆಣ್ಣುಮಗಳು ತನಗೆ ಬಂದಷ್ಟು ಕೊಂಕಣಿಯಲ್ಲಿ ಹೊಡೆತದ್ದನ್ನು ಹೇಳಿ ಮುಗಿಸುವಷ್ಟರಲ್ಲೇ ಸಾಕಾಗಿರುತ್ತದೆ, ಆಡಿನ ಮಾತು ಬಾಯಲ್ಲೇ ಉಳಿಯುತ್ತದೆ. ಕನ್ನಡ ಸಂಘದ ಒಬ್ಬರು, ಅದೂ ಹೆಂಗಸೇ ಆದರೆ ಚಲೋ, ಅವಳ ಜತೆ ಹೋಗಿ ಕೂತರೆ ಅರ್ಧ ಕೆಲಸ ಆದಂತೆ.

ಕಾಗದ ಯಾರ ಹೆಸರಲ್ಲಿದೆ ಎಂಬುದೂ ಮುಖ್ಯ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಪ್ರಕಾರ ಪ್ರಾಣಿಯನ್ನು ಕೊಂದವರಿಗೆ, ವಿಷ ಹಾಕಿದವರಿಗೆ, ಊನ ಮಾಡಿದವರಿಗೆ 5 ವರ್ಷದವರೆಗೆ ಜೈಲು ಆಗಬಹುದು. ಆದರೆ ಅದು ಇನ್ನೊಬ್ಬರಿಗೆ ನಷ್ಟ ಮಾಡಿದ ಅಪರಾಧ; 'ನಾಯಿ ನನ್ನದೇ, ನಷ್ಟ ಯಾರಿಗೆ?' ಎಂದು ಗಂಡ ಹೇಳಿದರೆ ಪ್ರಕರಣ ಅಲ್ಲೇ ಸೊರಗುತ್ತದೆ. ಇನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮೊದಲ ತಪ್ಪಿಗೆ ಗೊತ್ತು ಮಾಡಿದ ದಂಡ 10ರಿಂದ 50 ರೂಪಾಯಿ. ಒಂದು ಕ್ವಾರ್ಟರ್ ಬಾಟ್ಲಿಯ ಬೆಲೆಯೂ ಅಲ್ಲ. ಆದ್ದರಿಂದ ನಾಯಿಯ ಲಸಿಕೆ ಕಾರ್ಡು ಹೆಂಗಸಿನ ಹೆಸರಿನಲ್ಲಿ ಮಾಡಿಸಬೇಕು. ಎಮ್ಮೆ ಹಸುವಿನ ಕಿವಿಗೆ ಹಾಕುವ 12 ಅಂಕಿಯ ಬಿಲ್ಲೆ ದಾಖಲಾಗುವಾಗ ಮಾಲೀಕರ ಜಾಗದಲ್ಲಿ ಅವಳ ಹೆಸರು ಬರೆಸಬೇಕು. ಸ್ವಸಹಾಯ ಗುಂಪಿನ ಸಾಲದಲ್ಲಿ ಆಡು ತಂದಿದ್ದರೆ ಆ ಪಾಸ್‌ಬುಕ್ಕು ಜೋಪಾನವಾಗಿರಲಿ. ನಾಯಿ ಲಸಿಕೆಯ ವಿಷಯದಲ್ಲಿ ಗೋವಾದವರಿಗೆ ಕಷ್ಟವೇ ಇಲ್ಲ. 2014ರಿಂದ ಮಿಷನ್ ರೇಬೀಸ್‌ನವರು ಸರಕಾರದ ಜತೆ ಸೇರಿ ಮನೆಮನೆಗೆ, ಬೀದಿಬೀದಿಗೆ ಬಂದು ನಾಯಿಗಳಿಗೆ ಸೂಜಿ ಹಾಕುತ್ತ ಬಂದಿದ್ದಾರೆ. ರಾಜ್ಯವನ್ನು 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಲಾಯಿತು. ನಾಯಿ ಯಾರದು ಎಂದು ಅವರು ಕೇಳಿದಾಗ ಗಂಡನ ಹೆಸರು ಹೇಳುವ ರೂಢಿ ಬಿಟ್ಟರಾಯಿತು.

ಗಡಿಯಾಚೆ ತವರಿಗೆ ಹೋಗಿ ಕೂತವಳು ದಾವೆಗಾಗಿ ಗೋವಾಕ್ಕೇ ಓಡಾಡಬೇಕು ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಬಹಳ ಇದೆ. ಹಾಗಿಲ್ಲ. 2005ರ ಕಾಯ್ದೆಯ 27ನೇ ಕಲಂ ಪ್ರಕಾರ ಅವಳು ಸದ್ಯಕ್ಕೆ ಎಲ್ಲಿ ವಾಸವಾಗಿದ್ದಾಳೋ, ತಾತ್ಪೂರ್ತಿಕವಾಗಿಯೇ ಇರಲಿ, ಅಲ್ಲಿನ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಖಾನಾಪುರದಲ್ಲಿ ಆದ ಆದೇಶ ವಾಳಪೈಯಲ್ಲೂ ನಡೆಯುತ್ತದೆ. ಆದೇಶ ಮುರಿದರೆ ಒಂದು ವರ್ಷದವರೆಗೆ ಜೈಲು, 20 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕೆಂದು ಕಾಯ್ದೆಯಲ್ಲಿದೆ. ಮೂರು ದಿನ ಎಂಬುದು ನಮ್ಮ ಕೋರ್ಟುಗಳಲ್ಲಿ ಎಷ್ಟು ಉದ್ದ ಎಂಬುದು ಬೇರೆ ಮಾತು. ಆ ಉದ್ದದಲ್ಲಿ ನಾಯಿ, ಆಡು ಬದುಕಿರಬೇಕಲ್ಲ?

ಅಲ್ಲಿಗೇ ನಡಿಗೆಯ ವಿಚಾರ ಬರುತ್ತದೆ. ವಾಳಪೈಯಲ್ಲೂ ಒಂದು ಬೆಳಿಗ್ಗೆ, ಬಿಸಿಲೇರುವ ಮೊದಲು, ಬಸ್ ನಿಲ್ದಾಣದ ಕಡೆಯಿಂದ ಶುರುವಾಗಿ ಒಂದೆರಡು ಕಿ.ಮೀ. ನಾಯಿಗಳ ಜತೆ ನಡೆಯುವುದು ಅಸಾಧ್ಯವೇನಲ್ಲ. ಕನ್ನಡಿಗರು ಮಾತ್ರ ನಡೆಯಬೇಕೆಂದಿಲ್ಲ, ಕೊಂಕಣಿ ಮರಾಠಿ ಮನೆಗಳಲ್ಲೂ ಇದೇ ಕಥೆ ಇದೆ. ಮಹಾದಾಯಿ ನೀರಿನ ಜಗಳದಲ್ಲಿ ಒಬ್ಬರನ್ನೊಬ್ಬರು ಓರೆಗಣ್ಣಿಂದ ನೋಡುವ ಕಾಲದಲ್ಲಿ ನಾಯಿ ಹಿಡಿದುಕೊಂಡಾದರೂ ಒಂದೇ ದಾರಿಯಲ್ಲಿ ನಡೆದರೆ ಒಳ್ಳೆಯದೇ. ಲಸಿಕೆ ಆಗಿರದ ನಾಯಿ ಬೇಡ. ಪಟಾಕಿ, ತಾಸೆ ಬೇಡ. ಕಚ್ಚುವ ಚಾಳಿಯ ನಾಯಿ ಮನೆಯಲ್ಲೇ ಇರಲಿ, ಅದರ ಯಜಮಾನ ಒಬ್ಬನೇ ಬಂದು ದುಡ್ಡು ಕೊಟ್ಟು ನಡೆಯಲಿ.

ಆದರೆ ಒಂದು ತಪ್ಪು ಮಾತ್ರ ಆಗಕೂಡದು. ಸಭೆ ಸಮಾರಂಭ ಎಂದರೆ ವೇದಿಕೆ, ಹಾರ, ಫೋಟೊ ಎಂದು ರೂಢಿಯಾಗಿಬಿಟ್ಟಿದೆ. ನೊಂದ ಹೆಂಗಸನ್ನು ವೇದಿಕೆಗೆ ಕರೆದು ಸೀರೆ ಕೊಟ್ಟು ಫೋಟೊ ತೆಗೆಸುವುದು ಸಹಾಯವಲ್ಲ. ಅವಳ ನಾಯಿಯನ್ನು ನಡಿಗೆಗೆ ತರುವುದಂತೂ ಅಪಾಯ. ಹೆಂಗಸು ಮುಖ ಮುಚ್ಚಿಕೊಂಡಾಳು, ನಾಯಿಯ ಬಾಲದ ಬಿಳಿ ಚುಕ್ಕೆ ಮುಚ್ಚುವುದಕ್ಕಾಗುವುದಿಲ್ಲ. ಗಂಡನ ಕಡೆಯವರು ಒಬ್ಬರು ಫೋಟೊದಲ್ಲಿ ಗುರುತು ಹಿಡಿದರೂ ಸಾಕು, ಅದು ಯಾರ ಮನೆಯಲ್ಲಿದೆ, ಅವಳು ಎಲ್ಲಿದ್ದಾಳೆ ಎಂಬ ಎಳೆ ಸಿಕ್ಕಿಬಿಡುತ್ತದೆ. ನಡಿಗೆಗೆ ಬರಬೇಕಾದದ್ದು ನೆಮ್ಮದಿಯ ಮನೆಗಳ ನಾಯಿಗಳು.

ಕೂಡಿದ ಹಣ ಎಷ್ಟಾದೀತು? ದೊಡ್ಡದಲ್ಲ. ದೊಡ್ಡದು ಬೇಕಾಗಿಯೂ ಇಲ್ಲ. ಒಂದು ನಾಯಿಗೆ ಎರಡು ಮೂರು ತಿಂಗಳು ಅನ್ನ ಮೊಟ್ಟೆ, ಒಂದು ಆಡಿಗೆ ಸೊಪ್ಪು ಹಿಂಡಿ, ಬೇಕಾದರೆ ಪಶು ವೈದ್ಯರ ಔಷಧಿ. ಅದಕ್ಕಿಂತ ಹೆಚ್ಚು ಬೇಕಾದದ್ದು ಮನೆ. ಹೊಂಡಾ, ಸಾಖಳಿ ಕಡೆ ಸ್ವಂತ ಹಿತ್ತಲಿರುವ ಕನ್ನಡಿಗರು ಈಗ ಇದ್ದಾರೆ. ಎರಡು ಮೂರು ತಲೆಮಾರಿನಿಂದ ಇಲ್ಲೇ ನೆಲೆನಿಂತವರು, ಅಂಗಡಿ ಇಟ್ಟವರು. ಅಂಥ ಐದು ಮನೆಯವರು 'ನಮ್ಮಲ್ಲಿ ಒಂದು ನಾಯಿ, ಒಂದು ಆಡು ಬಿಡ್ರಿ, ಯಾರದು ಅಂತ ನಾವು ಕೇಳೂದಿಲ್ಲ' ಎಂದು ಒಪ್ಪಿದರೆ ಸಾಕು. ಬಿಡುವ ದಿನ, ಕರೆದೊಯ್ಯಬೇಕಾದ ದಿನ, ಯಾರಿಗೆ ಮಾತ್ರ ಕೊಡಬೇಕು ಎಂಬುದು ಒಂದು ಚೀಟಿಯಲ್ಲಿರಲಿ. 'ಆಮೇಲೆ ನಮಗೇ ಗಂಟು ಬಿದ್ದರೆ?' ಎಂಬ ಅಂಜಿಕೆ ಸಹಜ, ಅದಕ್ಕೇ ಚೀಟಿ. ಮನೆಗಳ ಪಟ್ಟಿ ಸಂಘದ ಒಬ್ಬ ಹೆಣ್ಣುಮಗಳ ಹತ್ತಿರ ಮಾತ್ರ ಇರಲಿ, ನೋಟಿಸ್ ಬೋರ್ಡಿನ ಮೇಲೆ ಅಲ್ಲ.

ಸರಕಾರದ ಒನ್ ಸ್ಟಾಪ್ ಸೆಂಟರುಗಳು 2015ರಿಂದ ಇವೆ. ಅಲ್ಲಿ ಹೆಂಗಸಿಗೆ ಸಿಗುವುದು ಐದು ದಿನದವರೆಗಿನ ತಾತ್ಪೂರ್ತಿಕ ಆಸರೆ. ಐದು ದಿನ ಅವಳ ಜೀವ ನಾಯಿಯ ಕಡೆ ಎಳೆಯದಂತೆ ನೋಡಿಕೊಂಡರೆ, ಆರನೆಯ ದಿನ ಮುಂದೇನು ಮಾಡಬೇಕೆಂದು ಅವಳೇ ನಿಂತು ಯೋಚಿಸಬಲ್ಲಳು. ಸಹಾಯವಾಣಿ 181, ಪೊಲೀಸರು ಬೇಕಾದರೆ 112. ಗೋವಾ ಇರಲಿ ಕರ್ನಾಟಕ ಇರಲಿ, ನಂಬರು ಅದೇ. ಕರೆ ಮಾಡಿದಾಗ ಮನೆಯಲ್ಲಿ ಪ್ರಾಣಿ ಇದೆ ಎಂಬುದನ್ನು ಮೊದಲೇ ಹೇಳಬೇಕು. ಕೇಳಿದವರು ನಕ್ಕರೂ ಹೇಳಬೇಕು.