ನೆಲದಡಿಯ ನೀರಿಗೆ ದಾರಿ ಬೇಕು

ಮಲೆನಾಡಿನ ಹಳೆಯ ಮನೆಗಳಿಗೂ ಹಿಂಬದಿಯ ಧರೆಗೂ ನಡುವೆ ಒಂದಿಷ್ಟು ಜಾಗ ಇರುತ್ತಿತ್ತು. ಮಾಡಿನಿಂದ ಸುರಿದ ನೀರೂ ಧರೆಯಿಂದ ಒಸರಿದ ನೀರೂ ಅಲ್ಲಿಯ ಕಾಲುವೆಗೆ ಬಿದ್ದು, ಮನೆಯನ್ನು ಬಳಸಿಕೊಂಡು ತೋಟಕ್ಕೆ ಇಳಿಯುತ್ತಿದ್ದವು. ವ್ಯರ್ಥವೆಂದು ತೋರುವ ಆ ಜಾಗದ ಮೇಲೆಯೇ ಇಂದು ಮನೆಗಳು ಬೆಳೆಯುತ್ತಿವೆ. ಹೊಸ ಅಡಿಗೆಮನೆ, ಮಗನ ಮದುವೆಗೆಂದು ಒಂದು ಕೋಣೆ, ಅದಕ್ಕೆ ತಾಗಿ ಸ್ನಾನಗೃಹ. ಜಾಗ ಸಾಲದಿದ್ದರೆ ಜೆಸಿಬಿ ತರಿಸಿ ಧರೆಯನ್ನು ಇನ್ನಷ್ಟು ಒಳಕ್ಕೆ ಕಡಿಯುವುದೂ ಉಂಟು. ಬೇಸಿಗೆಯಲ್ಲಿ ಕಟ್ಟಿದ ಕೋಣೆ ಬೆಚ್ಚಗೆ ಒಣಗಿರುತ್ತದೆ. ಪುಷ್ಯ, ಆಶ್ಲೇಷ ಮಳೆಗಳ ಹೊತ್ತಿಗೆ ಟೈಲ್ಸ್ ಸಂದಿಯಲ್ಲಿ ನೀರು ಜಿನುಗತೊಡಗುತ್ತದೆ.

ಇದನ್ನು ಸೋರಿಕೆಯೆಂದು ಬಗೆದು ರಾಸಾಯನಿಕ ಬೆರೆಸಿದ ಸಿಮೆಂಟು ಮೆತ್ತುವುದು ಎಲ್ಲೆಡೆ ನಡೆದಿರುವ ಪದ್ಧತಿ. ಮುಂದಿನ ಮಳೆಗಾಲದಲ್ಲಿ ಅದೇ ನೀರು ಗೋಡೆಯ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಜಂಬಿಟ್ಟಿಗೆ ಪದರದ ಮೂಲಕ ಇಳಿದ ಮಳೆನೀರು, ಅದರಡಿಯ ಶೇಡಿಮಣ್ಣು ಸುಲಭವಾಗಿ ಕೆಳಗೆ ಬಿಡದ ಕಾರಣ ಅಡ್ಡಲಾಗಿ ಹರಿಯುತ್ತದೆ. ಧರೆ ಕಡಿದಲ್ಲಿ ಆ ಹರಿವಿನ ಬಾಯಿ ತೆರೆದುಕೊಳ್ಳುತ್ತದೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಂಥ ಸೀಮೆಯಲ್ಲಿ ಅಂಥ ನೀರನ್ನು ಬಿರಡೆ ಹಾಕಿ ನಿಲ್ಲಿಸಲಾಗದು. ಲೆಕ್ಕವೂ ಸರಳವಾಗಿದೆ. 10 ಸೆಂಟಿಮೀಟರ್ ದಪ್ಪದ ಕಾಂಕ್ರೀಟು ನೆಲ ಚದರ ಮೀಟರಿಗೆ ಸುಮಾರು 240 ಕಿಲೋ ತೂಗುತ್ತದೆ. ನೆಲದ ತಳಕ್ಕಿಂತ ಕೇವಲ ಒಂದು ಗೇಣು ಎತ್ತರಕ್ಕೆ ನೀರಿನ ಮಟ್ಟ ಏರಿದರೂ ಹೆಚ್ಚುಕಡಿಮೆ ಅಷ್ಟೇ ಭಾರವನ್ನು ಅದು ಅಡಿಯಿಂದ ಎತ್ತಬಲ್ಲದು. ಮೇಲಿನಿಂದ ಬಿಗಿದಷ್ಟೂ ಒತ್ತಡ ಗೋಡೆಯ ಕಡೆಗೆ ತಿರುಗುತ್ತದೆ.

ಸೋಜಿಗವೆಂದರೆ ಇದು ಅಡಿಕೆ ಬೆಳೆಗಾರನಿಗೆ ಗೊತ್ತಿಲ್ಲದ ವಿದ್ಯೆಯಲ್ಲ. ಬಸಿಗಾಲುವೆ ಹೂಳು ತುಂಬಿದರೆ ಮರದ ಬೇರು ಕೊಳೆಯುತ್ತದೆಂದು ಅವನು ಪ್ರತಿವರ್ಷ ಹೂಳೆತ್ತಿಸುತ್ತಾನೆ. ಅದೇ ಬಸಿಗಾಲುವೆ ಮನೆಯ ಹಿಂದೆಯೂ ಬೇಕೆಂಬುದು ಮಾತ್ರ ಮೇಸ್ತ್ರಿಯ ಮಾತಿನ ನಡುವೆ ಮರೆತುಹೋಗುತ್ತದೆ.

ಕೋಣೆಗೂ ಧರೆಗೂ ನಡುವೆ, ನೆಲದ ತಳಕ್ಕಿಂತ ಒಂದಡಿಯಾದರೂ ಆಳದಲ್ಲಿ ಕಾಲುವೆ ತೋಡಬೇಕು. ಆದರೆ ಅದು ಅಡಿಪಾಯದ ತಳಕ್ಕಿಂತ ಕೆಳಗಿಳಿಯಬಾರದು. ಒಮ್ಮೆಲೇ ಉದ್ದಕ್ಕೂ ತೋಡದೆ ತುಂಡುತುಂಡಾಗಿ ತೋಡಿ ತುಂಬುತ್ತ ಹೋಗುವುದು ಕ್ಷೇಮ. ತೂತುಗಳಿರುವ ಪೈಪನ್ನು ನೂರು ಅಡಿಗೆ ಒಂದಡಿ ಇಳಿತದಲ್ಲಿ ಇಟ್ಟು, ಸುತ್ತ ಜಲ್ಲಿ ತುಂಬಿ, ಮಣ್ಣು ನುಗ್ಗದಂತೆ ಸೋಸುಬಟ್ಟೆ ಸುತ್ತಬೇಕು. ಕೋಣೆ ಧರೆಗೇ ಅಂಟಿಕೊಂಡಿದ್ದರೆ ಟೈಲ್ಸ್ ಒಡೆದು, ನೆಲದಡಿಯಲ್ಲೇ ಜಲ್ಲಿಯ ಹಾಸನ್ನೂ ಪೈಪನ್ನೂ ಕೂಡಿಸದೆ ಗತ್ಯಂತರವಿಲ್ಲ. ಸಾಲ ಮಾಡಿ ಕಟ್ಟಿದವರಿಗೆ ಇದು ನೋವಿನ ಮಾತೇ. ಪೈಪಿನ ಬಾಯಿ ಕಣ್ಣಿಗೆ ಕಾಣುವಲ್ಲಿರಲಿ. ಅದರಿಂದ ಬರುವ ನೀರು ಕೆಂಪಗೆ ಕದಡಿದ್ದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆಯೆಂದೇ ಅರ್ಥ. ಆಗ ಮನೆಯವರು ಆ ಕೋಣೆಯಲ್ಲಿ ಮಲಗಬಾರದು.

ನೀರು ಇಂಗಿಸುವ ಚಳವಳಿಯವರೂ ಇಲ್ಲಿ ತಮ್ಮ ಘೋಷಣೆಯನ್ನು ಕೊಂಚ ತಿದ್ದಿಕೊಳ್ಳಬೇಕಾಗಿದೆ. ಬಯಲುಸೀಮೆಗೆ ವರವಾದ ಇಂಗುಗುಂಡಿಯನ್ನು ಮನೆಯ ನೆತ್ತಿಯ ಮೇಲಿನ ಕಡಿದಾದ ಧರೆಯಲ್ಲಿ ತೋಡಿಸುವುದು ಅಪಾಯ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಅತಿವೃಷ್ಟಿಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾರಣವಾಗಿ ಗುರುತಿಸಿತು. ಕಡಿದ ಧರೆಗೆ ಇನ್ನಷ್ಟು ನೀರು ಕುಡಿಸುವುದು ಜಲಸಂರಕ್ಷಣೆ ಎನಿಸಿಕೊಳ್ಳದು. ಇಂಗಿಸುವ ಕೆಲಸ ಮನೆಯಿಂದ ಕೆಳಗೆ, ಸಮತಟ್ಟಿನ ಹಿತ್ತಲಿನಲ್ಲಿ ಆಗಲಿ.

ಬಸಿದ ನೀರನ್ನು ಕೆಳಮನೆಯವರ ಅಂಗಳಕ್ಕೆ ತಿರುಗಿಸಿ ಕೈತೊಳೆದುಕೊಳ್ಳುವ ಪ್ರಸಂಗಗಳೂ ಇವೆ. ಅವರ ಧರೆಯೂ ಇಷ್ಟೇ ಮೆತ್ತಗಿರುತ್ತದೆ. ಎರಡೂ ಮನೆಯವರು ಕೂಡಿ ಹಳೆಯ ಕಾಲುವೆಯ ಜಾಡು ಹುಡುಕಿ, ಹಳ್ಳದವರೆಗೆ ಅಥವಾ ತೋಟದ ಕೆರೆಯವರೆಗೆ ಅದನ್ನು ಬಿಡಿಸುವುದು ಹೆಚ್ಚು ಅಗ್ಗ. ಶೌಚಗುಂಡಿಯ ಬಳಿ ಹಾಯದಂತೆ ಸಾಗಿಸಿದರೆ, ಮಾರ್ಚಿನಲ್ಲಿ ಬೋರ್‌ವೆಲ್ಲಿನ ಮಾತೆತ್ತುವ ಮನೆಗೂ ಆ ಕೆರೆ ಒಂದಿಷ್ಟು ಒದಗೀತು. ಧರೆಯ ಬುಡಕ್ಕೆ ಕೈಹಾಕುವ ಕೆಲಸ ಮಾತ್ರ ಮೇ ತಿಂಗಳ ನಡುವಿನೊಳಗೆ ಮುಗಿದಿರಬೇಕು.