ಮೀನು ಕೆರೆಗೆ ಬೇಡ, ಗಿಡಕ್ಕೊಂದು ತೆಪ್ಪ ಕಟ್ಟೋಣ

ಕಳೆದ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಮ್ಮ ಪಂಪ್‌ಸೆಟ್ ಪಕ್ಕದ ತೊಟ್ಟಿಯ ಹತ್ತಿರ ಹೋದರೆ ಅಜ್ಜಿಯ ನೈದಿಲೆ ಬೇರು ಸಮೇತ ಮೇಲೆ ತೇಲುತ್ತಿತ್ತು. ಎಲೆಗಳ ಅಂಚು ಹರಿದಿತ್ತು. ಕುಂಡದ ಮಣ್ಣೆಲ್ಲ ಕದಡಿ ನೀರು ಕೆಸರಾಗಿತ್ತು. ಆ ಕೆಸರಿನೊಳಗಿಂದ ಕೆಂಪು, ಬಿಳಿ, ಹಳದಿ ಬಣ್ಣದ ಆರು ಕೊಯ್ ಮೀನುಗಳು ತಮಗೇನೂ ಗೊತ್ತಿಲ್ಲ ಎಂಬಂತೆ ಬಾಯಿ ತೆರೆದುಕೊಂಡು ನನ್ನತ್ತ ಬಂದವು.

ಮೀನು ತಂದವನು ನಾನೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಗೆಳೆಯ ರೂಮು ಖಾಲಿ ಮಾಡುವಾಗ ಗಾಜಿನ ತೊಟ್ಟಿಯಲ್ಲಿದ್ದ ಇವನ್ನು ಏನು ಮಾಡುವುದೆಂದು ತಿಳಿಯದೆ ನನಗೆ ದಾಟಿಸಿದ್ದ. ನಾನು ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಬೆಸಗರಹಳ್ಳಿಯ ಮನೆಯಲ್ಲೇ ಕೂತು ಪಿಡಿಒ, ಎಫ್‌ಡಿಎ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಓದಿ ಬೇಜಾರಾದಾಗ ನೋಡಲು ಏನಾದರೂ ಇರಲಿ ಎಂದು ಒಪ್ಪಿಕೊಂಡೆ. ಬಂದಾಗ ಬೆರಳುದ್ದ ಇದ್ದವು, ವರ್ಷ ತುಂಬುವಷ್ಟರಲ್ಲಿ ಗೇಣುದ್ದ ಆದವು.

ತೊಟ್ಟಿ ಮಾತ್ರ ನನ್ನದಲ್ಲ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಮೂರೂವರೆ ಅಡಿ ಆಳ, ಹೆಚ್ಚು ಕಡಿಮೆ 8 ಸಾವಿರ ಲೀಟರ್ ನೀರು. ಅಪ್ಪನ ತರಕಾರಿ ತಾಕಿನ ಡ್ರಿಪ್‌ಗೆ ನೀರು ಹೋಗುವುದು ಅಲ್ಲಿಂದಲೇ. ಅದರ ಒಂದು ಮೂಲೆಯಲ್ಲಿ ಅಜ್ಜಿಯ ಕುಂಡಗಳು: ಪೂಜೆಗೆ ನೈದಿಲೆ, ಸಾರಿಗೆ ಹೊನಗೊನ್ನೆ, ತವರಿನಿಂದ ತಂದು ಉಳಿಸಿಕೊಂಡ ಬಜೆ. ಗಿಡ ಹೋಗಿದ್ದಕ್ಕೆ ಅಜ್ಜಿಗೆ ಬೇಸರ, ಕೆಸರು ಕಟ್ಟಿ ಡ್ರಿಪ್‌ನ ಫಿಲ್ಟರ್ ನಿಂತಿದ್ದಕ್ಕೆ ಅಪ್ಪನಿಗೆ ಸಿಟ್ಟು. ಅವ್ವ ತೀರ್ಮಾನ ಕೊಟ್ಟೇಬಿಟ್ಟಳು: 'ತಗಂಡೋಗಿ ಕೆರೆಗೆ ಬುಟ್ಬುಡು. ಅವೂ ಬದುಕ್ಕೊಳ್ತವೆ, ನಾವೂ ಬದುಕ್ಕೊಳ್ತೀವಿ.'

ನನಗೂ ಅದೇ ಸರಿ ಅನ್ನಿಸಿತು. ಬಕೆಟ್‌ನಲ್ಲಿ ಮೀನು ತುಂಬಿಕೊಂಡು ಕೆರೆ ಏರಿಗೆ ಹೋದೆ. ಅಲ್ಲಿ ಮೀನಿನ ಗುತ್ತಿಗೆ ಹಿಡಿದಿರುವ ಮಾವ ಬಲೆ ಒಣಗಿಸುತ್ತಿದ್ದರು. ಬಕೆಟ್ ಇಣುಕಿ ನೋಡಿ ಒಂದೇ ಮಾತು ಕೇಳಿದರು: 'ಬುಡೋದೇನೋ ಬುಟ್ಬುಡ್ತೀಯ. ನಾಳೆ ಬ್ಯಾಡ ಅಂದ್ರೆ ವಾಪಸ್ ಹಿಡಿಯೋರ್ ಯಾರ್ಲಾ?' ನನ್ನಲ್ಲಿ ಉತ್ತರ ಇರಲಿಲ್ಲ. ಬಕೆಟ್ ಹೊತ್ತುಕೊಂಡು ವಾಪಸ್ ಬಂದೆ.

ಸಾಕಿದ ಮೀನು ಬೇಡವಾದಾಗ ಕೆರೆಗೆ ಬಿಡುವುದನ್ನು ನಾವು ಪುಣ್ಯದ ಕೆಲಸ ಎಂದುಕೊಂಡಿದ್ದೇವೆ. ಅದು ತಪ್ಪು. ಹಿಡಿದ ಹಕ್ಕಿಯನ್ನು ಹಾರಲು ಬಿಡುವುದೂ ಇದೂ ಒಂದೇ ಅಲ್ಲ. ಕೊಯ್ ಎಂದರೆ ಬೇರೇನೂ ಅಲ್ಲ, ಬಣ್ಣದ ಗೆಂಡೆ. ಜಪಾನಿನ ನೀಗಾಟಾ ಪ್ರಾಂತ್ಯದ ಬೆಟ್ಟದೂರುಗಳಲ್ಲಿ ಭತ್ತ ಬೆಳೆಯುವ ರೈತರು ಊಟಕ್ಕೆಂದು ಗೆಂಡೆ ಸಾಕುತ್ತಿದ್ದರು. ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಅವುಗಳ ನಡುವೆ ಕಾಣಿಸಿದ ಬಣ್ಣದ ಮರಿಗಳನ್ನು ಆರಿಸಿ ಬೆಳೆಸಿ ಈ ತಳಿಗಳನ್ನು ಮಾಡಿದರು. 1914ರಲ್ಲಿ ಟೋಕಿಯೊದ ಒಂದು ವಸ್ತುಪ್ರದರ್ಶನದಲ್ಲಿ ಇಟ್ಟ ಮೇಲೆ ಊರಾಚೆಗೂ ಹೆಸರಾಯಿತು. ಬಣ್ಣ ಬದಲಾದರೂ ಗುಣ ಬದಲಾಗಲಿಲ್ಲ. ಎರಡು ಅಡಿಗೂ ಮೀರಿ ಬೆಳೆಯುತ್ತದೆ, ಹತ್ತಾರು ವರ್ಷ ಬದುಕುತ್ತದೆ. ತಳದ ಕೆಸರು ಕೆದಕುವುದೇ ಅದರ ಊಟದ ಕ್ರಮ. ಕೆಸರು ಎದ್ದರೆ ನೀರಿನೊಳಗೆ ಬೆಳಕು ಇಳಿಯದು. ಬೆಳಕಿಲ್ಲದಿದ್ದರೆ ನೀರೊಳಗಿನ ಗಿಡ ಉಳಿಯದು. ಗಿಡದ ಮರೆಯಲ್ಲಿ ಮೊಟ್ಟೆ ಇಡುವ ನಮ್ಮ ಸಣ್ಣ ಮೀನುಗಳಿಗೆ ಆಮೇಲೆ ಜಾಗ ಎಲ್ಲಿ?

ಇದಕ್ಕೆ ಒಂದು ಎದುರು ಮಾತಿದೆ. ಕಾಟ್ಲಾ, ರೋಹು ಜೊತೆಗೆ ಸಾಮಾನ್ಯ ಗೆಂಡೆಯ ಮರಿಗಳನ್ನೂ ನಮ್ಮ ಕೆರೆಗಳಿಗೆ ಬಿಡುತ್ತಾರಲ್ಲ, ನನ್ನ ಆರು ಮೀನಿನಿಂದ ಏನಾಗುತ್ತದೆ ಎಂದು ಕೇಳಬಹುದು. ನಾನೂ ಕೇಳಿಕೊಂಡೆ. ಅಲ್ಲಿ ಬಿಡುವವರಿಗೆ ಲೆಕ್ಕ ಇರುತ್ತದೆ, ಹಿಡಿಯುವವರು ಇರುತ್ತಾರೆ, ಅದರ ಮೇಲೆ ಒಂದಷ್ಟು ಮನೆಗಳ ಜೀವನ ನಡೆಯುತ್ತದೆ. ಗಾಜಿನ ತೊಟ್ಟಿಯಿಂದ ಬಂದ ಮೀನಿನ ಜೊತೆ ಯಾವ ರೋಗ, ಯಾವ ಹುಳು ಬರುತ್ತದೆಂದು ನೋಡಿದವರಿಲ್ಲ. ಇವತ್ತು ಕೊಯ್ ಬಿಟ್ಟವನು ನಾಳೆ ಬೇರೆ ಜಾತಿಯನ್ನೂ ಬಿಡುತ್ತಾನೆ. ಅಕ್ವೇರಿಯಂನ ಪಾಚಿ ತಿನ್ನಲೆಂದು ತಂದ ಸಕ್ಕರ್ ಮೀನು ಇಂದು ದೇಶದ ಎಷ್ಟೋ ಕೆರೆಗಳಲ್ಲಿ ಬೇರು ಬಿಟ್ಟಿರುವುದು ಹೀಗೆಯೇ.

ನಮ್ಮ ಭಾಗದ ಕೆರೆಗಳ ಕೋಡಿ ನೀರು ಹಳ್ಳ ಹಿಡಿದು ಶಿಂಷೆ ಸೇರುತ್ತದೆ, ಶಿಂಷೆ ಕಾವೇರಿ ಸೇರುತ್ತದೆ. ಆ ಕಾವೇರಿ ಕೊಳ್ಳದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅದರ ಕಷ್ಟಕ್ಕಿರುವ ಕಾರಣಗಳಲ್ಲಿ ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಕೂಡ ಒಂದು. ಬಿಟ್ಟವರ ಉದ್ದೇಶ ಕೆಟ್ಟದ್ದೇನೂ ಆಗಿರಲಿಲ್ಲ. ಆದರೂ ನೀರಿಗೆ ಬಿಟ್ಟಿದ್ದನ್ನು ವಾಪಸ್ ಕರೆಯಲು ಬರುವುದಿಲ್ಲ.

ಹಾಗಾದರೆ ಮನೆಯ ತೊಟ್ಟಿಯಲ್ಲಿ ಏನು ಮಾಡುವುದು? ಮೀನು ಇರಲಿ, ಗಿಡ ಹೋಗಲಿ ಎನ್ನುವುದೂ ಸರಿಯಲ್ಲ. ಮೀನು ಹೊರಹಾಕುವ ಅಮೋನಿಯಾವನ್ನು ನೀರಿನ ಬ್ಯಾಕ್ಟೀರಿಯಾಗಳು ನೈಟ್ರೇಟ್ ಮಾಡುತ್ತವೆ, ಆ ನೈಟ್ರೇಟ್ ಗಿಡಕ್ಕೆ ಗೊಬ್ಬರ. ಗಿಡ ಇಲ್ಲದಿದ್ದರೆ ಅದೇ ಗೊಬ್ಬರ ಪಾಚಿಯ ಪಾಲಾಗಿ ನೀರು ಹಸಿರುಗಟ್ಟುತ್ತದೆ. ಮೀನಿಗೆ ಗಿಡ ಬೇಕು, ಗಿಡಕ್ಕೆ ಮೀನೂ ಉಪಕಾರಿಯೇ. ಎರಡರ ನಡುವೆ ಒಂದು ಬೇಲಿ ಇಲ್ಲದಿರುವುದೇ ತೊಂದರೆ.

ಬೇಲಿ ಹೇಗಿರಬೇಕು ಎಂದು ತಿಳಿಯಲು ಒಂದಷ್ಟು ದಿನ ಓದುವ ಪುಸ್ತಕ ಹಿಡಿದುಕೊಂಡೇ ತೊಟ್ಟಿಯ ಕಟ್ಟೆಯ ಮೇಲೆ ಕೂತು ನೋಡಿದೆ. ಕೊಯ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಬಾಯಿಯ ಪಕ್ಕದ ಮೀಸೆಯಿಂದ ತಡಕಿ, ಮಣ್ಣನ್ನು ಬಾಯ್ತುಂಬ ಎಳೆದುಕೊಂಡು, ಬೇಕಾದ್ದು ನುಂಗಿ ಉಳಿದದ್ದು ಉಗಿಯುತ್ತದೆ. ಕುಂಡದ ಮಣ್ಣು ಖಾಲಿಯಾಗುವುದು ಹೀಗೆ. ಜೊತೆಗೆ ಎಳೆಯ ಬೇರು, ಮೆತ್ತನೆಯ ಎಲೆ ಸಿಕ್ಕರೆ ಬಿಡುವುದಿಲ್ಲ. ಅಜ್ಜಿ ಇದನ್ನು ನೋಡಿ ಹೇಳಿದ್ದು ಇಷ್ಟೇ: 'ಮೀನಿನ ತಪ್ಪೇನ್ಲಾ ಮಗ? ಬಾಯ್ಗೆ ಸಿಕ್ಕಂಗೆ ಇಟ್ಟೋರು ನಾವು.'

ಮೊದಲು ಕುಂಡದ ಮೇಲೆ ದಪ್ಪ ಕಲ್ಲು ಜೋಡಿಸಿದೆ. ನೈದಿಲೆಗೆ ಇದು ಸಾಕಾಯಿತು, ಏಕೆಂದರೆ ಅದರ ಗೆಡ್ಡೆ ಮಣ್ಣಿನಲ್ಲೇ ಇರಬೇಕು. ಮೀನು ಬಾಯಲ್ಲಿ ಎತ್ತಲಾಗದಷ್ಟು ದೊಡ್ಡ ಕಲ್ಲಾಗಿರಬೇಕು, ಅಷ್ಟೇ. ಹೊನಗೊನ್ನೆ, ಬಜೆಗೆ ಅದು ಆಗಲಿಲ್ಲ. ಆಮೇಲೆ ಥರ್ಮೋಕೋಲ್ ಡಬ್ಬಿಗೆ ತೂತು ಹೊಡೆದು ತೇಲಿಸಿದೆ. ಎರಡೇ ದಿನಕ್ಕೆ ಮೀನುಗಳು ಅದನ್ನು ಕುಟುಕಿ ಕುಟುಕಿ ಬಿಳಿ ಕಾಳುಗಳನ್ನು ತೊಟ್ಟಿ ತುಂಬ ಹರಡಿದವು. ಹಳೇ ಪಂಚೆಯಲ್ಲಿ ಸೋಸಿ ತೆಗೆಯುವಾಗ ಅಪ್ಪ ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದದ್ದು ಕೇಳಿಸಿತು: 'ಓದೋದ್ ಬುಟ್ಟು ಮೀನ್‌ಗೆ ತೊಟ್ಲು ಕಟ್ತಾವ್ನೆ.' ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕೆಲಸ ಇಲ್ಲದ ಮಗ ಮನೆಯಲ್ಲಿ ಏನು ಮಾಡಿದರೂ ಅದು ಕಾಲ ಕಳೆಯುವಂತೆಯೇ ಕಾಣುತ್ತದೆ. ಇದನ್ನು ಓದುತ್ತಿರುವ ಅನೇಕರಿಗೆ ಇದು ಗೊತ್ತಿರುತ್ತದೆ.

ಮೂರನೆಯದು ಕೈ ಹಿಡಿಯಿತು. ಮೂಲೆಯಲ್ಲಿ ಬಿದ್ದಿದ್ದ ಒಡಕು ಟೊಮೆಟೊ ಕ್ರೇಟ್ ತೆಗೆದುಕೊಂಡೆ. ಅದರ ಎರಡು ಪಕ್ಕಕ್ಕೆ ಒಂದೊಂದು ಮೀಟರ್ ಉದ್ದದ, 63 ಮಿ.ಮೀ. ದಪ್ಪದ ಪಿವಿಸಿ ಪೈಪ್ ಕಟ್ಟಬೇಕಿತ್ತು. ಇಲ್ಲಿ ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ನೆನಪಾದ. ಅಷ್ಟುದ್ದದ ಪೈಪಿನ ಎರಡೂ ತುದಿ ಮುಚ್ಚಿ ಪೂರ್ತಿ ಮುಳುಗಿಸಿದರೆ ಸುಮಾರು 3 ಲೀಟರ್ ನೀರನ್ನು ಸರಿಸುತ್ತದೆ, ಅಂದರೆ 3 ಕೆ.ಜಿ. ಎತ್ತುತ್ತದೆ. ಪೈಪಿನದೇ ತೂಕ ಕಳೆದರೂ ಎರಡು ಪೈಪಿಗೆ 5 ಕೆ.ಜಿ. ಹತ್ತಿರ ಬರುತ್ತದೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ನಿಯಮ ಮೊದಲ ಬಾರಿಗೆ ಕೆಲಸಕ್ಕೆ ಬಂತು. ಪೈಪನ್ನು ಕ್ರೇಟಿನ ತಳದಿಂದ ನಾಲ್ಕು ಬೆರಳು ಮೇಲೆ ಕಟ್ಟಿದರೆ ತಳ ಮಾತ್ರ ನೀರಿನಲ್ಲಿರುತ್ತದೆ. ಪೈಪು ಕ್ರೇಟಿಗಿಂತ ಉದ್ದ ಇರುವುದರಿಂದ ಒಂದು ಕಡೆಗೆ ವಾಲುವುದಿಲ್ಲ.

ಒಳಗೆ ಮಣ್ಣು ಹಾಕಲಿಲ್ಲ, ತೆಂಗಿನ ನಾರು ಹಾಕಿದೆ. ನಾರನ್ನು ಮೂರು ನಾಲ್ಕು ಸಲ ನೆನೆಸಿ ನೀರು ಚೆಲ್ಲಬೇಕು, ಇಲ್ಲದಿದ್ದರೆ ತೊಟ್ಟಿ ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಮೊದಲ ವಾರ ಚೆನ್ನಾಗಿತ್ತು. ಆಮೇಲೆ ಕ್ರೇಟಿನ ಸಂದಿಯಿಂದ ಇಳಿದ ಬೇರುಗಳನ್ನೆಲ್ಲ ಮೀನು ಕತ್ತರಿಸಿದಂತೆ ತಿಂದಿದ್ದವು. ಬೇಲಿ ಕೆಳಗಿನಿಂದಲೂ ಬೇಕು ಎಂಬುದು ಆಗ ತಿಳಿಯಿತು. ಗಟ್ಟಿ ಪ್ಲಾಸ್ಟಿಕ್ ಬಲೆಯನ್ನು ಚೀಲದಂತೆ ಬಾಗಿಸಿ ಕ್ರೇಟಿನ ತಳದಿಂದ ಒಂದು ಗೇಣು ಕೆಳಗೆ ಇಳಿಬಿಟ್ಟೆ. ಬಲೆಯ ಕಣ್ಣು ಕಡಲೆಕಾಳು ದಾಟುವಷ್ಟಿದ್ದರೆ ಸರಿ. ಸೊಳ್ಳೆ ಪರದೆಯಷ್ಟು ಸಣ್ಣದಾದರೆ ಪಾಚಿ ಕಟ್ಟಿ ನೀರು ಆಡುವುದಿಲ್ಲ, ಬೆರಳು ತೂರುವಷ್ಟಿದ್ದರೆ ಮೀನಿನ ಬಾಯಿ ತೂರುತ್ತದೆ. ಹಳೇ ನೈಲಾನ್ ಬಲೆ ಬೇಡ, ರೆಕ್ಕೆ ಸಿಕ್ಕಿಕೊಂಡು ಮೀನು ಸಾಯಬಹುದು. ಕತ್ತರಿಸಿದ ಅಂಚುಗಳನ್ನೆಲ್ಲ ಒಳಗೆ ಮಡಚಿದೆ.

ಪೈಪಿನ ತುದಿ ಮುಚ್ಚುವ ಎಂಡ್ ಕ್ಯಾಪ್ ಸಾಲದೆ ಎರಡನೇ ತೆಪ್ಪ ಅರ್ಧಕ್ಕೆ ನಿಂತಿತ್ತು. ಒಂದು ಸಂಜೆ ಮದ್ದೂರಿನಿಂದ ಬಂದ ಅಪ್ಪ ಏನೂ ಮಾತಾಡದೆ ನಾಲ್ಕು ಕ್ಯಾಪು, ಒಂದು ಡಬ್ಬಿ ಪಿವಿಸಿ ಅಂಟು ಜಗಲಿ ಮೇಲಿಟ್ಟು ಒಳಗೆ ಹೋದರು. ಕೊಂಡ ಸಾಮಾನೆಲ್ಲ ಸೇರಿ 250 ರೂಪಾಯಿ ದಾಟಲಿಲ್ಲ.

ಈಗ ಎರಡು ತೆಪ್ಪ ತೇಲುತ್ತಿವೆ. ಒಂದರಲ್ಲಿ ಹೊನಗೊನ್ನೆ ಮತ್ತು ಒಂದೆಲಗ, ಇನ್ನೊಂದರಲ್ಲಿ ಉಳಿದಿದ್ದ ಒಂದೇ ಗೆಡ್ಡೆಯಿಂದ ಚಿಗುರಿದ ಬಜೆ. ತೊಟ್ಟಿಯ ಅರ್ಧಕ್ಕಿಂತ ಹೆಚ್ಚು ಮೇಲ್ಮೈ ಖಾಲಿ ಬಿಟ್ಟಿದ್ದೇನೆ, ನೀರಿಗೆ ಗಾಳಿ ಬೇಕು. ಡ್ರಿಪ್ ಬಿಟ್ಟಾಗ ನೀರು ಇಳಿಯುವುದರಿಂದ ಹಗ್ಗವನ್ನು ಸಡಿಲವಾಗಿ ಕಟ್ಟಿದ್ದೇನೆ. ನೀರು ಕನ್ನಡಿಯಂತಾಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ, ಆದರೆ ಫಿಲ್ಟರ್ ಕಟ್ಟಿಕೊಳ್ಳುವುದು ಕಡಿಮೆಯಾಗಿದೆ. ಅಜ್ಜಿ ಹೊನಗೊನ್ನೆ ಬಿಡಿಸಿ, ಚೆನ್ನಾಗಿ ತೊಳೆದು ಬಸ್ಸಾರು ಮಾಡಿದರು. ಕ್ರಿಮಿನಾಶಕದ ನೀರು ಸೇರುವ ತೊಟ್ಟಿಯಲ್ಲಿ ಬೆಳೆದ ಸೊಪ್ಪನ್ನು ಮಾತ್ರ ತಿನ್ನಬಾರದು.

ನೀರ ಮೇಲೆ ಬೆಳೆ ಬೆಳೆಯುವುದು ನನ್ನ ಶೋಧವೇನಲ್ಲ. ಕಾಶ್ಮೀರದ ದಾಲ್ ಸರೋವರದಲ್ಲಿ ತೇಲುವ ತರಕಾರಿ ತೋಟಗಳಿವೆ. ಬಾಂಗ್ಲಾದೇಶದ ರೈತರ ತೇಲುವ ತೋಟಗಳನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2015ರಲ್ಲಿ ಜಾಗತಿಕ ಮಹತ್ವದ ಕೃಷಿ ಪರಂಪರೆ ಎಂದು ಗುರುತಿಸಿದೆ. ಹೈದರಾಬಾದಿನ ನೆಕ್ನಾಂಪುರ ಕೆರೆಯಲ್ಲಿ ಕೊಳಕು ನೀರು ತಿಳಿಯಾಗಿಸಲು 2018ರಲ್ಲಿ ದೊಡ್ಡದೊಂದು ಗಿಡಗಳ ತೆಪ್ಪ ತೇಲಿಬಿಟ್ಟರು. ಅದರ ಪುಟ್ಟ ರೂಪ ನಮ್ಮ ಹಿತ್ತಲಿನಲ್ಲೂ ಆಗುತ್ತದೆ ಎಂಬುದಷ್ಟೇ ನನ್ನ ಅನುಭವ.

ಗೆಳೆಯರೇ, ನಮ್ಮಲ್ಲಿ ಬಹಳ ಮಂದಿ ಇಂದು ಒಂದು ಊರು, ನಾಳೆ ಒಂದು ಊರು ಎಂದು ರೂಮು ಬದಲಿಸುವವರು. ಒಂದಲ್ಲ ಒಂದು ದಿನ ಗಾಜಿನ ತೊಟ್ಟಿ ಖಾಲಿ ಮಾಡಬೇಕಾಗುತ್ತದೆ. ಆಗ ಬಕೆಟ್ ಹಿಡಿದು ಕೆರೆಯತ್ತ ಹೋಗಬೇಡಿ. ತಂದ ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆಯೇ ಕೇಳಿ. ಇಲ್ಲವೇ ದೊಡ್ಡ ತೊಟ್ಟಿ ಇರುವ, ಸಾಕುವ ಮನಸ್ಸಿರುವ ಯಾರಿಗಾದರೂ ಕೊಡಿ. ಕೊಡುವಾಗ ಗಿಡಗಳ ವಿಷಯ ಮುಚ್ಚಿಡದೆ ಹೇಳಿ, ಹೀಗೊಂದು ತೆಪ್ಪ ಕಟ್ಟುವುದನ್ನೂ ಹೇಳಿಕೊಡಿ. ನನ್ನ ಗೆಳೆಯ ಮೊದಲೇ ಹೇಳಿದ್ದರೆ ಅಜ್ಜಿಯ ಬಜೆ ಒಂದು ಗೆಡ್ಡೆಗೆ ಬರುತ್ತಿರಲಿಲ್ಲ.